ಒಂದು ಚೀಲ ಯೂರಿಯಾದ ಜಾಗಕ್ಕೆ ಎಷ್ಟು ಲೋಡು ಗೊಬ್ಬರ? ಕೃಷಿ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಕೃಷಿ ಸಚಿವರು, ಕರ್ನಾಟಕ ಸರ್ಕಾರ
ಹಾಗೂ ಆಯುಕ್ತರು, ಕೃಷಿ ಇಲಾಖೆ, ಬೆಂಗಳೂರು

ವಿಷಯ: ರಾಸಾಯನಿಕ ಗೊಬ್ಬರದ ಬದಲು ಕಾಂಪೋಸ್ಟ್ ಬಳಸಿ ಎಂಬ ಪ್ರಚಾರದಲ್ಲಿ ಬಿಟ್ಟುಹೋಗಿರುವ ಲೆಕ್ಕದ ಬಗ್ಗೆ.

ಮಾನ್ಯರೇ,

ತುಮಕೂರು, ಕೋಲಾರ, ಮಂಡ್ಯ ಕಡೆಯ ಬಯಲು ಭಾಗದಲ್ಲಿ ಕಾಂಪೋಸ್ಟ್ ತಯಾರಿಸುವ ಮತ್ತು ಅದನ್ನು ರಾಗಿ ಹೊಲಗಳಿಗೆ ಹಾಕಿಸುವ ಕೆಲಸದಲ್ಲಿರುವ ನಾವು ಈ ಪತ್ರ ಬರೆಯುತ್ತಿದ್ದೇವೆ. ಸಾವಯವ ಗೊಬ್ಬರದ ವಿರುದ್ಧ ನಮ್ಮದೇನೂ ತಕರಾರಿಲ್ಲ. ನಮ್ಮ ಅನ್ನ ಅದರಲ್ಲೇ ಇದೆ. ತಕರಾರಿರುವುದು ಅದನ್ನು ರೈತರಿಗೆ ಹೇಳಿಕೊಡುತ್ತಿರುವ ರೀತಿಯ ಮೇಲೆ. ತರಬೇತಿಗೆ ಹೋದರೆ ಬ್ಯಾನರ್ ಇರುತ್ತದೆ, ಜೀವಾಮೃತದ ಡ್ರಮ್ ಇರುತ್ತದೆ, ‘ವಿಷ ಬಿಡಿ, ಮಣ್ಣು ಉಳಿಸಿ’ ಎಂಬ ಭಾಷಣವೂ ಇರುತ್ತದೆ. ಎಕರೆಗೆ ಎಷ್ಟು ಟನ್, ಎಷ್ಟು ಮಾಗಿದ್ದು, ಯಾವ ಮಳೆಗೆ ಮುಂಚೆ, ಯೂರಿಯಾದಲ್ಲಿ ಈ ವರ್ಷ ಎಷ್ಟು ಕೆ.ಜಿ. ಕಡಿಮೆ ಮಾಡಬಹುದು ಎಂಬ ನಾಲ್ಕು ಪ್ರಶ್ನೆಗೆ ಮಾತ್ರ ಉತ್ತರ ಸಿಗುವುದಿಲ್ಲ. ಭಾಷಣ ನಂಬಿ ಒಂದೇ ಸಲಕ್ಕೆ ಯೂರಿಯಾ ಬಿಟ್ಟವನ ರಾಗಿ ಬಿತ್ತಿದ ಮೂರು ನಾಲ್ಕು ವಾರಕ್ಕೆ ಹಳದಿ ತಿರುಗುತ್ತದೆ. ಅವನು ಅಂಗಡಿಗೆ ಓಡಿ ಎರಡು ಚೀಲ ತಂದು ಚೆಲ್ಲುತ್ತಾನೆ. ಆಮೇಲೆ ಹತ್ತು ವರ್ಷ ಅವನ ಮುಂದೆ ಕಾಂಪೋಸ್ಟ್ ಹೆಸರು ಎತ್ತುವ ಹಾಗಿಲ್ಲ.

ಆದ್ದರಿಂದ ಮೊದಲು ಲೆಕ್ಕವನ್ನೇ ನೋಡೋಣ. 45 ಕೆ.ಜಿ.ಯ ಯೂರಿಯಾ ಚೀಲದಲ್ಲಿ ಶೇ 46ರಷ್ಟು ಸಾರಜನಕ, ಅಂದರೆ ಸುಮಾರು 20.7 ಕೆ.ಜಿ. ಮಳೆಯಾಶ್ರಿತ ರಾಗಿಗೆ ಎಕರೆಗೆ ಶಿಫಾರಸು ಮಾಡಿರುವ ಸಾರಜನಕವೂ 20 ಕೆ.ಜಿ. ಒಂದು ಎಕರೆಗೆ ಒಂದು ಚೀಲ, ಸರಿಹೋಯಿತು. ಅದೇ 20 ಕೆ.ಜಿ.ಯನ್ನು ಕೊಟ್ಟಿಗೆ ಗೊಬ್ಬರದಿಂದಲೇ ಕೊಡಬೇಕೆಂದರೆ? ನಮ್ಮ ಕಡೆಯ ಸಾಮಾನ್ಯ ತಿಪ್ಪೆ ಗೊಬ್ಬರದಲ್ಲಿ ಸಾರಜನಕ ಶೇ 0.5ರ ಆಸುಪಾಸು. ಒಂದು ಟನ್ನಿಗೆ 5 ಕೆ.ಜಿ. ಅದರಲ್ಲೂ ಮೊದಲ ಬೆಳೆಯ ಕೈಗೆ ಸಿಗುವುದು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಉಳಿದದ್ದು ಮಣ್ಣಿನಲ್ಲಿ ನಿಧಾನವಾಗಿ ಕರಗುತ್ತ ಮುಂದಿನ ವರ್ಷಗಳಿಗೆ ಹೋಗುತ್ತದೆ. ಅಂದರೆ ಟನ್ನಿಗೆ ಒಂದೂವರೆ ಕೆ.ಜಿ. ಒಂದು ಚೀಲ ಯೂರಿಯಾದ ಜಾಗ ತುಂಬಲು ಮೊದಲ ವರ್ಷ 13 ಟನ್ ಬೇಕು. ಟ್ರೇಲರ್‌ಗೆ ಎರಡೂವರೆ ಟನ್ ಹಿಡಿಸಿದರೂ ಐದು ಲೋಡು ದಾಟುತ್ತದೆ, ಅದೂ ಒಂದೇ ಎಕರೆಗೆ. ಚೆನ್ನಾಗಿ ಮಾಡಿದ, ಶೇ 1ರಷ್ಟು ಸಾರಜನಕವಿರುವ ಕಾಂಪೋಸ್ಟ್ ಆದರೂ 7 ಟನ್ ಬೇಕೇ ಬೇಕು. ನಾಟಿ ಹಸುವೊಂದು ದಿನಕ್ಕೆ ಹಾಕುವುದು ಹತ್ತು ಕೆ.ಜಿ. ಸಗಣಿ. ಅದು ಮಾಗಿ ಗೊಬ್ಬರವಾಗುವ ಹೊತ್ತಿಗೆ ಅರ್ಧಕ್ಕೂ ಕಡಿಮೆಯಾಗುತ್ತದೆ. ಎರಡು ಹಸು ಕಟ್ಟಿಕೊಂಡು ನಾಲ್ಕು ಎಕರೆ ಉಳುವವನಿಗೆ ‘ಇವತ್ತಿನಿಂದ ರಾಸಾಯನಿಕ ಗೊಬ್ಬರ ಬಿಟ್ಟುಬಿಡಿ’ ಎಂದು ವೇದಿಕೆಯಿಂದ ಹೇಳುವವರು ಈ ಗುಣಾಕಾರವನ್ನು ಒಮ್ಮೆಯಾದರೂ ಮಾಡಿರಬೇಕಲ್ಲವೇ?

ಇನ್ನೊಂದು ಮಾತು ಯಾರೂ ಎತ್ತುವುದಿಲ್ಲ. ಕೃಷಿ ವಿಶ್ವವಿದ್ಯಾಲಯದ ಬೇಸಾಯ ಪದ್ಧತಿಯ ಕೈಪಿಡಿಯಲ್ಲಿ ಆ 20 ಕೆ.ಜಿ. ಸಾರಜನಕ ಬರುವುದು ಎಕರೆಗೆ 3 ಟನ್ ಕೊಟ್ಟಿಗೆ ಗೊಬ್ಬರ ಹಾಕಿದ ಮೇಲೆ. ಗೊಬ್ಬರದ ಸಾಲನ್ನು ಬಿಟ್ಟು ಚೀಲದ ಸಾಲನ್ನು ಮಾತ್ರ ಹಿಡಿದುಕೊಂಡು ನಾವು ಎರಡು ತಲೆಮಾರು ಕಳೆದಿದ್ದೇವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣದಲ್ಲಿ ದಶಕಗಳಿಂದ ನಡೆಯುತ್ತಿರುವ ರಾಗಿ ಪ್ರಯೋಗದ ತಾಕುಗಳು ಹೇಳುವುದೂ ಅದನ್ನೇ: ಬರೀ ರಾಸಾಯನಿಕ ಹಾಕಿದ ತಾಕಿನ ಇಳುವರಿ ವರ್ಷಗಳುರುಳಿದಂತೆ ಕುಸಿಯುತ್ತದೆ, ಕೊಟ್ಟಿಗೆ ಗೊಬ್ಬರದ ಜೊತೆ ರಾಸಾಯನಿಕವನ್ನೂ ಕೊಟ್ಟ ತಾಕು ನಿಲ್ಲುತ್ತದೆ. ನಿಮ್ಮ ಕೈಯಳತೆಯಲ್ಲೇ ಇರುವ ಈ ಫಲಿತಾಂಶ ಹೋಬಳಿ ಮಟ್ಟದ ತರಬೇತಿಗೆ ಬರುವಷ್ಟರಲ್ಲಿ ‘ಇದು ವಿಷ, ಅದು ಅಮೃತ’ ಎಂದಾಗಿಬಿಡುತ್ತದೆ.

ಹಾಗಾದರೆ ಕಾಂಪೋಸ್ಟ್ ದಂಡವೇ ಎಂದು ಯಾರಾದರೂ ಕೇಳಬಹುದು. ಸಾರಜನಕವೊಂದರಲ್ಲೇ ಅಳೆದರೆ ಕಾಂಪೋಸ್ಟ್ ಸೋಲುವುದು ಖಂಡಿತ. ಚೀಲಕ್ಕೆ 266 ರೂಪಾಯಿ 50 ಪೈಸೆ ಬೆಲೆಯಲ್ಲಿ ಯೂರಿಯಾದ ಒಂದು ಕೆ.ಜಿ. ಸಾರಜನಕ 13 ರೂಪಾಯಿಗೆ ಬೀಳುತ್ತದೆ. ಕಾಂಪೋಸ್ಟ್ ಟನ್ನಿಗೆ 3,000 ರೂಪಾಯಿ ಎಂದೇ ಇಟ್ಟುಕೊಳ್ಳಿ, ಅದರ ಸಾರಜನಕ ಕೆ.ಜಿ.ಗೆ 300 ರೂಪಾಯಿ. ಸಬ್ಸಿಡಿಯ ಬಹುಪಾಲು ಒಂದೇ ಕಡೆ ಕೂತಿರುವಾಗ ತಕ್ಕಡಿ ಹೀಗೇ ತೂಗುತ್ತದೆ. ಆದರೆ ಶಿಫಾರಸಿನ ಆ 3 ಟನ್ ಗೊಬ್ಬರದ ಪೊಟ್ಯಾಷ್ ಲೆಕ್ಕ ಹಾಕಿ ನೋಡಿ: ಸುಮಾರು 15 ಕೆ.ಜಿ. ಇರುತ್ತದೆ, ಮೊದಲ ಬೆಳೆಗೇ ಹತ್ತು ಕೆ.ಜಿ. ದಕ್ಕುತ್ತದೆ. ಸತು, ಬೋರಾನ್‌ನಂಥ ಲಘು ಪೋಷಕಾಂಶಗಳೂ ಅದರೊಂದಿಗೆ ಬರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಇಂಗಾಲ. ಕೆಂಪು ಮಣ್ಣು ಮಳೆಯಾದ ಮೇಲೆ ಹೆಪ್ಪುಗಟ್ಟದೆ, ಹತ್ತು ದಿನ ಮಳೆ ತಪ್ಪಿದರೂ ಹದ ಹಿಡಿದುಕೊಳ್ಳುವುದು ಅದರಿಂದ. ಯೂರಿಯಾ ಚೀಲ ಈ ಕೆಲಸ ಮಾಡುವುದಿಲ್ಲ.

ಇಂಗಾಲವನ್ನು ಏರಿಸುವುದೂ ಒಂದು ವರ್ಷದ ಮಾತಲ್ಲ. ಒಂದು ಎಕರೆಯ ಮೇಲ್ಪದರದ ಆರು ಇಂಚು ಮಣ್ಣು ಸುಮಾರು 9 ಲಕ್ಷ ಕೆ.ಜಿ. ತೂಗುತ್ತದೆ. ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲ ಶೇ 0.4 ಇದ್ದದ್ದು 0.5ಕ್ಕೆ ಏರಬೇಕಾದರೆ 900 ಕೆ.ಜಿ. ಇಂಗಾಲ ಮಣ್ಣಿನಲ್ಲಿ ಉಳಿಯಬೇಕು. ಶೇ 12 ಇಂಗಾಲವಿರುವ ಕಾಂಪೋಸ್ಟ್ ಟನ್ನಿಗೆ 120 ಕೆ.ಜಿ. ಕೊಡುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಬಿಸಿಲಿಗೆ ಉರಿದು ಗಾಳಿಗೆ ಹೋಗುತ್ತದೆ. 15-20 ಟನ್ ಹಾಕದೆ ಚೀಟಿಯ ಅಂಕಿ ಒಂದು ಹೆಜ್ಜೆಯೂ ಕದಲುವುದಿಲ್ಲ. ಒಂದೇ ಹಂಗಾಮಿನ ಪ್ರಾತ್ಯಕ್ಷಿಕೆ ಮಾಡಿ, ಫೋಟೊ ತೆಗೆದು, ಪಕ್ಕದ ಊರಿಗೆ ಹೋಗುವ ಯೋಜನೆಗಳಿಂದ ಏನು ಸಾಬೀತಾಗುತ್ತದೆ ಎಂದು ನಮಗೆ ಅರ್ಥವಾಗುವುದಿಲ್ಲ.

ಈಗ ಗುಂಡಿಗಳ ವಿಷಯ. ಹಳ್ಳಿಗಳಲ್ಲಿ ಅನುದಾನದಲ್ಲಿ ಕಟ್ಟಿದ ನಾಡೆಪ್ ತೊಟ್ಟಿ (ಗಾಳಿಗಂಡಿ ಬಿಟ್ಟು ಇಟ್ಟಿಗೆಯಲ್ಲಿ ಕಟ್ಟುವ ಕಾಂಪೋಸ್ಟ್ ತೊಟ್ಟಿ), ಎರೆಹುಳು ತೊಟ್ಟಿಗಳು ಬೇಕಾದಷ್ಟಿವೆ. ಅವುಗಳಲ್ಲಿ ಸೌದೆ ಇದೆ, ಹಳೆಯ ಪೈಪು ಇದೆ, ಕೋಳಿ ಕಾವಿಗೆ ಕೂತಿದೆ. ತೊಟ್ಟಿ ಕಟ್ಟಿ ಮುಗಿದಾಗ ಜಿಪಿಎಸ್ ಫೋಟೊ ತೆಗೆಯುತ್ತಾರೆ, ಹಣ ಬಿಡುಗಡೆಯಾಗುತ್ತದೆ, ಕಡತ ಮುಚ್ಚುತ್ತದೆ. ಗೊಬ್ಬರ ಹೊರಬಂತೇ ಎಂದು ಕೇಳುವ ಕಾಲಂ ಆ ನಮೂನೆಯಲ್ಲಿ ಇಲ್ಲ. 12 ಅಡಿ ಉದ್ದ, 5 ಅಡಿ ಅಗಲ, 3 ಅಡಿ ಎತ್ತರದ ನಾಡೆಪ್ ತೊಟ್ಟಿ ತುಂಬಲು 1,400-1,500 ಕೆ.ಜಿ. ಒಣ ಕಸಕಡ್ಡಿ, 90-100 ಕೆ.ಜಿ. ಸಗಣಿ, ಒಂದೂಮುಕ್ಕಾಲು ಟನ್ ಜರಡಿ ಹಿಡಿದ ಮಣ್ಣು, 1,500 ಲೀಟರ್‌ಗೂ ಮೇಲೆ ನೀರು ಬೇಕು. ಇದಿಷ್ಟನ್ನೂ ಒಂದೆರಡು ದಿನದಲ್ಲೇ ತುಂಬಿ ಮುಗಿಸಬೇಕು. ದಿನಾ ಮಂಕರಿಯಷ್ಟು ಹಾಕುತ್ತ ಹೋದರೆ ಕಾವೇ ಏಳುವುದಿಲ್ಲ. ಕೊಳವೆಬಾವಿ ಒಣಗಿದ ಮಾರ್ಚ್ ತಿಂಗಳಲ್ಲಿ ತೊಟ್ಟಿ ಮಂಜೂರು ಮಾಡಿದರೆ ಆ ನೀರು ಎಲ್ಲಿಂದ ಬರಬೇಕು?

ಸಗಣಿ ಕಡಿಮೆ ಇರುವವರಿಗೆ ನಾಡೆಪ್ ಒಳ್ಳೆಯ ವಿಧಾನ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಅನುಭವದಲ್ಲಿ ರಾಗಿ ರೈತನಿಗೆ ತೊಟ್ಟಿಯೇ ಬೇಕಾಗಿಲ್ಲ. ಮರದ ನೆರಳಿನಲ್ಲಿ, ನೀರು ನಿಲ್ಲದ ಎತ್ತರದಲ್ಲಿ 5-6 ಅಡಿ ಅಗಲ, 4-5 ಅಡಿ ಎತ್ತರದ ರಾಶಿ ಸಾಕು, ಉದ್ದ ಎಷ್ಟಾದರೂ ಇರಲಿ. ಜೋಳದ ದಂಟು, ತೊಗರಿ ಕಡ್ಡಿ, ಅಡಿಕೆ ಹಾಳೆಯನ್ನು ಎರಡು ಮೂರು ಇಂಚಿಗೆ ಕತ್ತರಿಸಿ ಒಂದು ಗೇಣು ಹಾಸುವುದು. ಮೇಲೆ ನಾಲ್ಕು ಬೆರಳು ದಪ್ಪ ಹೊಂಗೆ ಅಥವಾ ಗ್ಲಿರಿಸಿಡಿಯಾ ಸೊಪ್ಪು. ಅದರ ಮೇಲೆ ಸಗಣಿ ಬಗ್ಗಡ, ಹಿಡಿಯಷ್ಟು ಹಳೆಯ ಗೊಬ್ಬರ. ಹೀಗೆ ಪದರ ಪದರವಾಗಿ. ಸುಣ್ಣ ಎರಚುವ ರೂಢಿ ಕೆಲವು ಕಡೆ ಇದೆ, ಅದನ್ನು ನಿಲ್ಲಿಸಬೇಕು. ಸುಣ್ಣ ಬಿದ್ದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮೂರು ನಾಲ್ಕು ದಿನಕ್ಕೆ ಒಳಗೆ 55-65 ಡಿಗ್ರಿ ಕಾವು ಏರಬೇಕು. ರಾಶಿಯ ಹೊಟ್ಟೆಗೆ ಚುಚ್ಚಿದ ಕಬ್ಬಿಣದ ಸರಳನ್ನು ಹತ್ತು ನಿಮಿಷ ಬಿಟ್ಟು ಎಳೆದರೆ ಕೈಯಲ್ಲಿ ಹಿಡಿಯಲಾಗಬಾರದು. ಕಾಂಗ್ರೆಸ್ ಹುಲ್ಲಿನ ಬೀಜ, ಕಳೆ ಬೀಜ ಸಾಯುವುದು ಆ ಕಾವಿನಲ್ಲೇ. ಕಾವು ಇಳಿದಾಗ ಹೊರಗಿನದು ಒಳಗೆ, ಒಳಗಿನದು ಹೊರಗೆ ಬರುವಂತೆ ಮಗುಚುವುದು. ಸರಿಸುಮಾರು 15, 30 ಮತ್ತು 45ನೇ ದಿನ. ಮೂರರಿಂದ ನಾಲ್ಕು ತಿಂಗಳಿಗೆ ಗೊಬ್ಬರ.

ಕೆಡುವುದು ಎಲ್ಲಿ ಎಂದರೆ ನೀರಿನಲ್ಲಿ. ಸರಿಯಾಗಿ ಮಾಡದ ರಾಶಿಯನ್ನು ಸನಿಕೆಯಿಂದ ಸೀಳಿ ನೋಡಿ: ಮೇಲಿನ ಒಂದಡಿ ಒಣಗಿ ಬೂದಿಯಂಥ ಬಿಳಿ ಬೂಷ್ಟು ಹಿಡಿದಿರುತ್ತದೆ, ಕಡ್ಡಿಗಳು ಹಾಕಿದ ಹಾಗೇ ಇರುತ್ತವೆ; ನಡುವೆ ಕರಿ ಲೋಳೆ, ಹುಳಿ ನಾತ. ಮೇಲೆ ನೀರಿಲ್ಲ, ಒಳಗೆ ಗಾಳಿಯಿಲ್ಲ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದರೆ ಬೆರಳ ಸಂದಿಯಲ್ಲಿ ಎರಡು ಹನಿ ಕಾಣಿಸಬೇಕು. ಧಾರೆ ಇಳಿದರೆ ಹೆಚ್ಚಾಯಿತು, ಮುಷ್ಟಿ ಬಿಟ್ಟಾಗ ಉಂಡೆ ಒಡೆದು ಉದುರಿದರೆ ಕಡಿಮೆಯಾಯಿತು. ಈ ಒಂದು ಪರೀಕ್ಷೆ ಕಲಿಸಲು ಯಾವ ಯೋಜನೆಯ ಅನುದಾನವೂ ಬೇಡ.

ಮಾಗಿದೆಯೇ ಎಂದು ತಿಳಿಯುವುದೂ ಇಷ್ಟೇ ಸುಲಭ. ಮಗುಚಿ ನೀರು ಚಿಮುಕಿಸಿದರೂ ಮತ್ತೆ ಕಾವೇರಬಾರದು. ಒದ್ದೆ ಗೊಬ್ಬರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ವಾರ ನೆರಳಿನಲ್ಲಿಟ್ಟು ಬಿಚ್ಚಿದರೆ ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು, ಗಂಜಲದ ಘಾಟು ಬರಬಾರದು. ಅರ್ಧ ಗೊಬ್ಬರ ಅರ್ಧ ಮಣ್ಣು ಬೆರೆಸಿದ ಕುಂಡದಲ್ಲಿ ಇಪ್ಪತ್ತು ಮೂಲಂಗಿ ಬೀಜ, ಬರೀ ಮಣ್ಣಿನ ಕುಂಡದಲ್ಲಿ ಇಪ್ಪತ್ತು ಹಾಕಿ. ಮೊಳಕೆಯಲ್ಲಿ ಎರಡಕ್ಕೂ ವ್ಯತ್ಯಾಸ ಇರಬಾರದು. ಇದನ್ನು ಮಾಡದೆ ಹಸಿ ಗೊಬ್ಬರ ಹೊಲಕ್ಕೆ ಹೊಡೆದರೆ ಕೊಳೆಸುವ ಸೂಕ್ಷ್ಮಜೀವಿಗಳೇ ಮಣ್ಣಿನ ಸಾರಜನಕವನ್ನು ಮೊದಲು ತಿಂದುಬಿಡುತ್ತವೆ, ಪೈರಿಗೆ ಉಳಿಯುವುದಿಲ್ಲ. ಮೇಲೆ ಹೇಳಿದ ಹಳದಿ ರಾಗಿಗೆ ಅರ್ಧ ಕಾರಣ ಇದು. ಜೊತೆಗೆ ಗೊಣ್ಣೆಹುಳು, ಗೆದ್ದಲು. ಅರೆಬರೆ ಕೊಳೆತ ತಿಪ್ಪೆ ಎಂದರೆ ಗೊಣ್ಣೆಹುಳುವಿನ ತವರುಮನೆ.

ಮಾಗಿದ ಗೊಬ್ಬರವನ್ನೂ ಕೆಡಿಸುವ ರೂಢಿಯೊಂದಿದೆ. ಬೇಸಿಗೆಯಲ್ಲಿ ಹೊಲದ ತುಂಬ ಗುಪ್ಪೆ ಗುಪ್ಪೆಯಾಗಿ ಸುರಿದು ಉಳುಮೆಯ ತನಕ ವಾರಗಟ್ಟಲೆ ಬಿಡುವುದು. ಬಿಸಿಲಿಗೆ ಅಮೋನಿಯಾ ಹೋಗುತ್ತದೆ, ಬಿದ್ದ ಮಳೆಗೆ ಸಾರ ಗುಪ್ಪೆಯ ಅಡಿಗೇ ಇಳಿಯುತ್ತದೆ. ಆಗಸ್ಟ್‌ನಲ್ಲಿ ಅಂಥ ಹೊಲದ ಬದುವಿನ ಮೇಲೆ ನಿಂತರೆ ಗುಪ್ಪೆ ಇದ್ದಲ್ಲೆಲ್ಲ ಕಡುಹಸಿರು ಚಕ್ರ, ಮಧ್ಯೆಯೆಲ್ಲ ಸಪ್ಪೆ ಹಸಿರು. ತೆನೆ ಬಂದಾಗ ಆ ಚಕ್ರದ ರಾಗಿಯೇ ಮೊದಲು ಮಲಗುವುದು. ಸುರಿದ ದಿನವೇ ಹರಡಿ ಕುಂಟೆ ಹೊಡೆಸಿದರೆ ಈ ನಷ್ಟ ಇಲ್ಲ.

ಗಂಜಲದ ಮಾತನ್ನೂ ಇಲ್ಲೇ ಹೇಳಬೇಕು. ಸಗಣಿಗಿಂತ ಗಂಜಲದಲ್ಲಿ ಸಾರಜನಕದ ಪ್ರಮಾಣ ಹೆಚ್ಚು, ಪೊಟ್ಯಾಷ್‌ನ ಬಹುಪಾಲೂ ಅದರಲ್ಲೇ. ಮಣ್ಣು ನೆಲದ ಕೊಟ್ಟಿಗೆಯಲ್ಲಿ ಅದು ಇಂಗಿ ಹೋಗುತ್ತದೆ. ಇಳಿಜಾರು ಕೊಟ್ಟು ಕಲ್ಲುಚಪ್ಪಡಿ ಹಾಸಿ, ಒಂದು ಮೋರಿ, ಒಂದು ಸಣ್ಣ ತೊಟ್ಟಿ ಮಾಡಿಕೊಟ್ಟರೆ, ಅಥವಾ ದನದ ಕಾಲಡಿ ಒಣ ತರಗು ಹಾಸಿ ಬೆಳಿಗ್ಗೆ ಎತ್ತಿ ರಾಶಿಗೆ ಹಾಕಿದರೆ, ಅದೇ ಎರಡು ಹಸುವಿನಿಂದ ಬರುವ ಗೊಬ್ಬರದ ಸತ್ವವೇ ಬೇರೆ. ಸಗಣಿ ತುಂಬಲು ತೊಟ್ಟಿ ಕಟ್ಟಿಸುವ ಇಲಾಖೆ ಕೊಟ್ಟಿಗೆಯ ನೆಲದ ಕಡೆ ಯಾಕೆ ನೋಡುವುದಿಲ್ಲವೋ.

ನಗರದ ಕಾಂಪೋಸ್ಟ್ ಬಗ್ಗೆ. 1939ರಷ್ಟು ಹಿಂದೆಯೇ ಬೆಂಗಳೂರಿನಲ್ಲಿದ್ದ ವಿಜ್ಞಾನಿ ಸಿ.ಎನ್. ಆಚಾರ್ಯರು ಊರಿನ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರವಾಗಿ ಹಾಕಿ, ಮೇಲೆ ಮಣ್ಣು ಮೆತ್ತಿ, ಮಗುಚದೆಯೇ ಆರರಿಂದ ಎಂಟು ತಿಂಗಳಲ್ಲಿ ಗೊಬ್ಬರ ಮಾಡುವ ವಿಧಾನ ರೂಪಿಸಿದರು. ಇವತ್ತಿಗೂ ಕೃಷಿ ಪಠ್ಯಗಳಲ್ಲಿ ಅದರ ಹೆಸರು ‘ಬೆಂಗಳೂರು ವಿಧಾನ’. ಆ ಊರಿನ ಹಸಿ ಕಸ ಇಂದು ನಮ್ಮ ಹೊಲಗಳಿಗೆ ಬರುವಾಗ ಗಾಜಿನ ಚೂರು, ಶಾಂಪೂ ಸ್ಯಾಷೆ, ಕೆಲವೊಮ್ಮೆ ಸೂಜಿಯನ್ನೂ ಹೊತ್ತು ತರುತ್ತದೆ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರ ಕಾಂಪೋಸ್ಟಿನ ಶೇ 90 ಭಾಗ 4 ಮಿ.ಮೀ. ಜರಡಿಯಲ್ಲಿ ಇಳಿಯಬೇಕು; ತೇವ ಶೇ 15-25 ಇರಬೇಕು; ಸಾವಯವ ಇಂಗಾಲ ಕನಿಷ್ಠ ಶೇ 12; ಸೀಸ ಕೆ.ಜಿ.ಗೆ 100 ಮಿ.ಗ್ರಾಂ, ಕ್ಯಾಡ್ಮಿಯಂ 5 ಮಿ.ಗ್ರಾಂ ದಾಟಬಾರದು. ಚೀಲದ ಮೇಲೆ ಇದೆಲ್ಲ ಅಚ್ಚಾಗಿರುತ್ತದೆ. ಬಿಡಿಯಾಗಿ ಲಾರಿಯಲ್ಲಿ ಬಂದು ಹೊಲದ ಅಂಚಿಗೆ ಬೀಳುವ ರಾಶಿಗೆ ಚೀಟಿಯೂ ಇಲ್ಲ, ಬ್ಯಾಚ್ ಸಂಖ್ಯೆಯೂ ಇಲ್ಲ. ತೇವ ಶೇ 40 ಇದ್ದರೆ ರೈತ ಬಾಡಿಗೆ ಕೊಟ್ಟು ತರಿಸಿಕೊಳ್ಳುವುದರಲ್ಲಿ ಅರ್ಧಕ್ಕೆ ಹತ್ತಿರ ನೀರು. ಗಾಜು ಒಮ್ಮೆ ಮಣ್ಣಿಗೆ ಸೇರಿತೆಂದರೆ ಕಳೆ ಕೀಳುವ ಹೆಂಗಸರ ಅಂಗೈಗೆ ವರ್ಷಗಳ ಕಾಲ ಚುಚ್ಚುತ್ತದೆ. ಅದನ್ನು ವಾಪಸು ತೆಗೆಯುವ ಯಂತ್ರವಿಲ್ಲ.

ತಿಪಟೂರು, ಗುಬ್ಬಿ ಕಡೆ ತೆಂಗಿನ ನಾರಿನ ಪುಡಿ ಗುಡ್ಡದಂತೆ ಬಿದ್ದಿದೆ. ಅದನ್ನು ಹಸಿಯಾಗಿ ಹೊಲಕ್ಕೆ ಹಾಕಿಸುವವರೂ ಇದ್ದಾರೆ. ಇಂಗಾಲಕ್ಕೂ ಸಾರಜನಕಕ್ಕೂ 100ಕ್ಕೆ 1ರ ಅನುಪಾತ ಇರುವ ಆ ಪುಡಿ ಪೈರನ್ನು ಸೊರಗಿಸದೆ ಬಿಡುವುದಿಲ್ಲ. ಅದನ್ನು ಕೊಳೆಸಲು ಟನ್ನಿಗೆ 5 ಕೆ.ಜಿ. ಯೂರಿಯಾ ಮತ್ತು ಪ್ಲೂರೋಟಸ್ ಅಣಬೆ ಬೀಜ ಹಾಕಬೇಕೆಂಬುದು ಶಿಫಾರಸು. ಹೌದು, ಕಾಂಪೋಸ್ಟ್ ಮಾಡಲು ಯೂರಿಯಾ! ಪ್ರಮಾಣೀಕೃತ ಸಾವಯವ ಹೊಲಗಳಿಗೆ ಅದು ನಡೆಯದು, ಸಾರಜನಕದ ಬೇರೆ ಮೂಲ ಹುಡುಕಬೇಕು. ಉಳಿದವರು ಅದಕ್ಕೆ ನಾಚಿಕೊಳ್ಳುವ ಕಾರಣವಿಲ್ಲ.

2021ರಲ್ಲಿ ಶ್ರೀಲಂಕಾ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಲ್ಲಿಸಿ, ಬದಲಿಗೆ ಬೇಕಾದ ಸಾವಯವ ಗೊಬ್ಬರ ಎಲ್ಲಿದೆ ಎಂದು ಆಮೇಲೆ ಹುಡುಕಿತು. ಭತ್ತ ಕೈಕೊಟ್ಟಿತು, ವರ್ಷ ಮುಗಿಯುವ ಮುನ್ನವೇ ಆದೇಶ ಹಿಂದಕ್ಕೆ ಬಂತು. 2025ರ ಮುಂಗಾರಿನಲ್ಲಿ ನಮ್ಮಲ್ಲೇ ಯೂರಿಯಾಕ್ಕೆ ಸಾಲು ನಿಂತಾಗ ‘ಇದೇ ಸಮಯ, ಸಾವಯವಕ್ಕೆ ಬನ್ನಿ’ ಎಂಬ ಉಪದೇಶ ಕೇಳಿಬಂತು. ಜುಲೈನಲ್ಲಿ ಚೀಲ ಸಿಗಲಿಲ್ಲವೆಂದು ಜುಲೈನಲ್ಲಿ ಕಾಂಪೋಸ್ಟ್ ಹುಟ್ಟುವುದಿಲ್ಲ. ಅದರ ರಾಶಿ ಸಂಕ್ರಾಂತಿಯ ಹೊತ್ತಿಗೆ, ಕಣದ ಕೆಲಸ ಮುಗಿಯುತ್ತಿದ್ದಂತೆ ಬಿದ್ದಿರಬೇಕು. ಆಗ ಮೇ ತಿಂಗಳಿಗೆ ಮಾಗುತ್ತದೆ.

ಇಷ್ಟರ ಮೇಲೆ ನಮ್ಮ ಕೋರಿಕೆಗಳು.

ಜಿಲ್ಲೆಯ ಮಣ್ಣು ಪರೀಕ್ಷಾ ಕೇಂದ್ರಗಳಲ್ಲಿ ರೈತರೇ ಮಾಡಿದ ಕಾಂಪೋಸ್ಟನ್ನೂ ಪರೀಕ್ಷೆಗೆ ತೆಗೆದುಕೊಳ್ಳಲಿ. ತೇವ, ಸಾರಜನಕ, ಇಂಗಾಲ-ಸಾರಜನಕ ಅನುಪಾತ, ಲವಣಾಂಶ ಈ ನಾಲ್ಕು ಸಾಕು. ಶುಲ್ಕ ಕೊಡಲು ನಾವು ಸಿದ್ಧ. ಫಲಿತಾಂಶದ ಕೆಳಗೆ ಒಂದು ಸಾಲು ಕನ್ನಡದಲ್ಲಿ ಬರಲಿ: ‘ಈ ಗೊಬ್ಬರ ಎಕರೆಗೆ ಇಷ್ಟು ಟನ್ ಹಾಕಿದರೆ ಈ ಹಂಗಾಮಿಗೆ ಯೂರಿಯಾ ಇಷ್ಟು ಕೆ.ಜಿ. ಕಡಿಮೆ ಮಾಡಿ.’ ಶಿಫಾರಸಿನ 3 ಟನ್ನಿನ ಮೇಲೆ ಇನ್ನೂ 3 ಟನ್ ಸಾಮಾನ್ಯ ಗೊಬ್ಬರ ಹಾಕುವವನಿಗೆ ಅದು ಸುಮಾರು 10 ಕೆ.ಜಿ. ಎಂದು ಬರುತ್ತದೆ. ಸಣ್ಣ ಅಂಕಿ, ಆದರೆ ನಂಬಬಹುದಾದ ಅಂಕಿ. ಎರಡನೇ, ಮೂರನೇ ವರ್ಷ ಹಿಂದಿನ ಗೊಬ್ಬರದ ಉಳಿಕೆಯನ್ನೂ ಸೇರಿಸಿ ಇನ್ನಷ್ಟು ಇಳಿಸಬಹುದು.

ತೊಟ್ಟಿಗಳಿಗೆ ಕೊಡುವ ಸಹಾಯಧನದ ಅರ್ಧವನ್ನು ಗೊಬ್ಬರ ಹೊರತೆಗೆದು ಅಳೆದ ಮೇಲೆ ಬಿಡುಗಡೆ ಮಾಡಿ. ತೊಟ್ಟಿ ಬೇಡವೆಂದು ರಾಶಿ ಹಾಕುವವರಿಗೂ, ಕೊಟ್ಟಿಗೆ ನೆಲ ಸರಿಮಾಡಿಕೊಳ್ಳುವವರಿಗೂ ಅದೇ ಹಣ ಸಿಗುವಂತಾಗಲಿ.

ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ದಂಟು ಕತ್ತರಿಸುವ ಯಂತ್ರ ಬಾಡಿಗೆಗೆ ಸಿಗಲಿ. ಕತ್ತರಿಸದ ಜೋಳದ ದಂಟು, ತೊಗರಿ ಕಡ್ಡಿಗೆ ಬೆಂಕಿ ಬೀಳುವುದು ಯಂತ್ರವಿಲ್ಲದ್ದಕ್ಕೆ. ಹಸಿರೆಲೆ ಗೊಬ್ಬರಕ್ಕಾಗಿ ಭರಣಿ ಮಳೆಗೆ ಬಿತ್ತುವಂತೆ ಸೆಣಬಿನ ಬೀಜ ಏಪ್ರಿಲ್ ಕೊನೆಯೊಳಗೆ ರೈತ ಸಂಪರ್ಕ ಕೇಂದ್ರಕ್ಕೆ ಬರಲಿ. ಎಕರೆಗೆ 20 ಕೆ.ಜಿ. ಚೆಲ್ಲಿ 45 ದಿನಕ್ಕೆ, ಹೂ ಬರುವಾಗ ಮಣ್ಣಿಗೆ ಸೇರಿಸಿದರೆ ಟನ್ ಸೊಪ್ಪಿಗೆ 4-5 ಕೆ.ಜಿ. ಸಾರಜನಕ, ಎಳೆ ಸೊಪ್ಪಾದ್ದರಿಂದ ಬೇಗ ಕರಗಿ ಜುಲೈ ರಾಗಿಗೆ ಒದಗುತ್ತದೆ. ಜೂನ್ ಕೊನೆಗೆ ಬರುವ ಸೆಣಬಿನ ಬೀಜದಿಂದ ಯಾರಿಗೂ ಉಪಯೋಗವಿಲ್ಲ.

ನಗರದಿಂದ ಬರುವ ಪ್ರತಿ ಲೋಡಿಗೂ ಬ್ಯಾಚ್ ಸಂಖ್ಯೆ ಮತ್ತು ಪರೀಕ್ಷಾ ಚೀಟಿ ಕಡ್ಡಾಯವಾಗಲಿ. ಹೊಲದ ಅಂಚಿನಲ್ಲೇ 4 ಮಿ.ಮೀ. ಜರಡಿ ಹಿಡಿದು ನೋಡಿ ಗಾಜು, ಪ್ಲಾಸ್ಟಿಕ್ ಕಂಡರೆ ಲಾರಿಯನ್ನು ಕಳಿಸಿದವರ ಖರ್ಚಿನಲ್ಲೇ ಹಿಂದಕ್ಕೆ ಕಳಿಸುವ ಹಕ್ಕು ರೈತನಿಗೆ ಬರಹದಲ್ಲಿ ಇರಲಿ.

ಕೊನೆಯದಾಗಿ, ಪ್ರಾತ್ಯಕ್ಷಿಕೆ ತಾಕುಗಳನ್ನು ಅದೇ ಹೊಲದಲ್ಲಿ ಕನಿಷ್ಠ ಮೂರು ವರ್ಷ ನಡೆಸಿ, ಮೂರೂ ವರ್ಷದ ಇಳುವರಿಯನ್ನು, ಕಡಿಮೆ ಬಂದ ವರ್ಷದ್ದನ್ನೂ ಬಿಡದೆ, ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ ಬರೆಸಿ. ಬರುವ ಸಂಕ್ರಾಂತಿಯೊಳಗೆ ಇವುಗಳಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಲಿಖಿತವಾಗಿ ತಿಳಿಸಿದರೆ ಅದಕ್ಕೆ ತಕ್ಕಂತೆ ನಾವು ರಾಶಿ ಹಾಕಿಕೊಳ್ಳುತ್ತೇವೆ. ಪರೀಕ್ಷೆ, ತರಬೇತಿಯ ಕೆಲಸಕ್ಕೆ ನಮ್ಮ ಜನ ಬೇಕಾದರೆ ಬರುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಬಯಲುಸೀಮೆಯ ಕೆಲವು ಗೊಬ್ಬರ ತಯಾರಕರು ಮತ್ತು ರಾಗಿ ಬೆಳೆಗಾರರು